ಮಾತಿಗಿಂತ ಮೊದಲು ನೋಡಬೇಕಾದದ್ದು: ಕಲಬುರಗಿ ಸೀಮೆಯ ಮಕ್ಕಳಲ್ಲಿ ಆಟಿಸಂ ಗುರುತಿಸುವ ಪ್ರಶ್ನೆ

ಕೂಸಿಗೆ ಎರಡು ವರ್ಷ ತುಂಬುತ್ತಿದ್ದಂತೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಗೆ ಬಂದುಹೋಗುವವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಮಾತು ಬಂದಾವೇನ್ರೀ?’ ಬಂದಿಲ್ಲ ಎಂದರೆ ಸಮಾಧಾನದ ಮಾತುಗಳೂ ಸಿದ್ಧವಾಗಿಯೇ ಇರುತ್ತವೆ. ಇವನ ಅಪ್ಪನಿಗೂ ನಾಲ್ಕರ ತನಕ ಮಾತು ಬಂದಿರಲಿಲ್ಲ, ಗಂಡುಹುಡುಗರು ನಿಧಾನ, ಶರಣಬಸವೇಶ್ವರನಿಗೆ ಇಲ್ಲವೇ ಬಂದೇನವಾಜರ ದರ್ಗಾಕ್ಕೆ ಹರಕೆ ಹೊತ್ತು ನೋಡಿ, ಶಾಲೆಗೆ ಹೋದರೆ ತಾನಾಗಿಯೇ ಸರಿಹೋಗುತ್ತದೆ. ಈ ಸಮಾಧಾನಗಳಲ್ಲಿ ಕೆಡುಕಿಲ್ಲ, ಪ್ರೀತಿಯಿದೆ. ಆದರೆ ಅವನ್ನು ಕೇಳುತ್ತ ಕೇಳುತ್ತಲೇ ಒಂದು ವರ್ಷ, ಎಷ್ಟೋ ಸಲ ಎರಡು ವರ್ಷ ಸರಿದುಹೋಗುತ್ತದೆ, ಮತ್ತು ಮಗುವಿನ ಮಿದುಳು ವೇಗವಾಗಿ ಬೆಳೆಯುವ ವರ್ಷಗಳೇ ಅವು.

ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಮಾತು ತಡವಾಗುವುದು ಎದ್ದು ಕಾಣುವ ಸಂಗತಿ ನಿಜ, ಆದರೆ ಅದು ಮೊದಲು ಕಾಣುವ ಸಂಗತಿಯಲ್ಲ. ಅದಕ್ಕೂ ಹಲವು ತಿಂಗಳು ಮುಂಚೆ, ಮಗು ತನ್ನ ಸುತ್ತಲಿನವರೊಂದಿಗೆ ನಡೆಸುವ ಕೊಡು-ಕೊಳ್ಳುವಿಕೆಯಲ್ಲಿ, ಅಂದರೆ ನೋಟ, ನಗು, ಬೆರಳು, ಅನುಕರಣೆಗಳ ಮೂಲಕ ನಡೆಯುವ ಮಾತಿಲ್ಲದ ವ್ಯವಹಾರದಲ್ಲಿ ವ್ಯತ್ಯಾಸ ಕಾಣಿಸತೊಡಗಿರುತ್ತದೆ. ಅದನ್ನು ಹೇಗೆ ನೋಡಬೇಕು, ಯಾರು ನೋಡಬೇಕು, ನೋಡಿದ್ದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳು ಈ ಸೀಮೆಯ ತಂದೆತಾಯಂದಿರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ವೈದ್ಯರಿಗೂ ಇಂದು ತುರ್ತಿನವು ಎಂದು ನಾನು ತಿಳಿದಿದ್ದೇನೆ.

ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಈ ಸ್ಥಿತಿಯನ್ನು ಮೊದಲ ಬಾರಿಗೆ ವಿಸ್ತಾರವಾಗಿ ಬರೆದಾಗ ಅದನ್ನು ತೀರ ವಿರಳವಾದದ್ದು ಎಂದು ಭಾವಿಸಲಾಗಿತ್ತು. 1979ರಲ್ಲಿ ಲಂಡನ್ನಿನಲ್ಲಿ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ ನಡೆಸಿದ ಅಧ್ಯಯನವು ಈ ತೊಡಕು ಒಂದೇ ಅಚ್ಚಿನದಲ್ಲ, ನಾನಾ ತೀವ್ರತೆಯಲ್ಲಿ ನಾನಾ ರೂಪದಲ್ಲಿ ಕಾಣಿಸುತ್ತದೆ ಎಂದು ತೋರಿಸಿತು. ‘ಸ್ಪೆಕ್ಟ್ರಂ’ ಎಂಬ ಮಾತು ಬಳಕೆಗೆ ಬಂದದ್ದು ಆ ದಾರಿಯಲ್ಲಿ. 2013ರಲ್ಲಿ ಹೊರಬಂದ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಆಟಿಸಂ ಎಂದು ನಿರ್ಣಯಿಸಲು ಎರಡು ಎಳೆಗಳೂ ಇರಬೇಕು. ಒಂದು, ಸಾಮಾಜಿಕ ಸಂವಹನ ಮತ್ತು ಒಡನಾಟದಲ್ಲಿನ ತೊಡಕು. ಇನ್ನೊಂದು, ಮತ್ತೆ ಮತ್ತೆ ಅದೇ ಮಾಡುವ ವರ್ತನೆ, ಸೀಮಿತವಾದ ಆಸಕ್ತಿ, ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾದ ಇಲ್ಲವೇ ತೀರ ಕಡಿಮೆ ಪ್ರತಿಕ್ರಿಯೆ. ಮಗು ಯಾರೊಂದಿಗೂ ಬೆರೆಯುವುದಿಲ್ಲ ಎಂಬುದೊಂದನ್ನೇ ಹಿಡಿದು ಆಟಿಸಂ ಎನ್ನಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸರಿಸುಮಾರು 127 ಜನರಲ್ಲಿ ಒಬ್ಬರು ಆಟಿಸಂ ಹೊಂದಿದ್ದರು. ಈ ಲೆಕ್ಕ ಹಿಡಿದರೆ, ನಮ್ಮ ಯಾವುದೇ ದೊಡ್ಡ ಹೋಬಳಿಯ ಅಂಗನವಾಡಿಗಳನ್ನೆಲ್ಲ ಸುತ್ತಿ ಬಂದರೆ ಅಂಥ ಹಲವು ಮಕ್ಕಳು ಸಿಗಲೇಬೇಕು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲದಿದ್ದರೆ ನಾವು ನೋಡಿಲ್ಲ ಎಂದೇ ಅರ್ಥ.

ನೋಡುವುದು ಎಂದರೆ ಏನು ಎಂಬುದಕ್ಕೆ ನಮ್ಮ ಅಂಗಳದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಸಂಜೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತುತ್ತು ಉಣಿಸುವ ಅವ್ವ ಇಲ್ಲವೇ ಆಯಿ, ‘ಅಲ್ನೋಡು, ಚಂದಪ್ಪ’ ಎಂದು ಬೆರಳು ಮಾಡುತ್ತಾಳೆ. ಒಂದು ವರ್ಷದ ಆಸುಪಾಸಿನ ಕೂಸು ಮೊದಮೊದಲು ಬೆರಳನ್ನೇ ನೋಡುತ್ತದೆ. ಕೆಲ ವಾರಗಳಲ್ಲಿ ಬೆರಳಿನ ದಾರಿ ಹಿಡಿದು ಚಂದ್ರನನ್ನು ನೋಡುತ್ತದೆ. ಅದರ ನಂತರ ಬರುವುದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ: ಚಂದ್ರನನ್ನು ನೋಡಿದ ಕೂಸು ತಿರುಗಿ ಆಯಿಯ ಮುಖ ನೋಡುತ್ತದೆ, ‘ನೀನೂ ನೋಡಿದೆಯಾ’ ಎಂಬಂತೆ ನಗುತ್ತದೆ, ಮರುದಿನ ತಾನೇ ಬೆರಳು ಮಾಡಿ ತೋರಿಸುತ್ತದೆ. ಇದನ್ನು ತಜ್ಞರು ಜಂಟಿ ಗಮನ ಎನ್ನುತ್ತಾರೆ. ಸರಳವಾಗಿ ಹೇಳಬೇಕೆಂದರೆ ಇದು ಕೂಡಿ ನೋಡುವುದು. ಮಾತು ಹುಟ್ಟುವುದು ಈ ನೆಲದಲ್ಲಿಯೇ. ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿದ್ದೇವೆ ಎಂಬ ಅರಿವಿದ್ದಾಗ ಮಾತ್ರ ‘ಚಂದಪ್ಪ’ ಎಂಬ ಶಬ್ದ ಆ ವಸ್ತುವಿಗೆ ಅಂಟಿಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ಗಮನಿಸಬೇಕು. ಬೆರಳು ಮಾಡುವುದರಲ್ಲಿ ಎರಡು ಬಗೆ. ನಾಗೊಂದಿಗೆಯ ಮೇಲಿನ ಬಿಸ್ಕಿಟ್ ಡಬ್ಬಿಯತ್ತ ಬೆರಳು ಮಾಡಿ ಬೇಕು ಎನ್ನುವುದು ಒಂದು; ಬೀದಿಯಲ್ಲಿ ಹೋಗುವ ಎತ್ತಿನ ಬಂಡಿಯತ್ತ ಬೆರಳು ಮಾಡಿ, ಏನೂ ಬೇಡದೆ, ಬರೀ ತೋರಿಸುವುದಕ್ಕಾಗಿ ತೋರಿಸುವುದು ಇನ್ನೊಂದು. ಆಟಿಸಂ ಇರುವ ಎಷ್ಟೋ ಮಕ್ಕಳು ಮೊದಲನೆಯದನ್ನು ಒಂದಲ್ಲ ಒಂದು ರೀತಿ ಕಲಿಯುತ್ತಾರೆ, ಎರಡನೆಯದು ಮಾತ್ರ ಬಹಳ ತಡವಾಗುತ್ತದೆ ಇಲ್ಲವೇ ಬರುವುದೇ ಇಲ್ಲ. ಆದ್ದರಿಂದ ‘ಬೆರಳು ಮಾಡುತ್ತದೆಯೇ’ ಎಂದು ಕೇಳಿ, ತಾಯಿ ‘ಹೌದು’ ಎಂದಾಗ ಗುರುತು ಹಾಕಿ ಮುಂದೆ ಹೋಗುವ ಪರೀಕ್ಷಕರು ಮುಖ್ಯವಾದದ್ದನ್ನೇ ಕೇಳಲಿಲ್ಲ ಎಂದಾಗುತ್ತದೆ.

ಇಂಥದೇ ಎಡವಟ್ಟು ಹೆಸರಿನ ವಿಷಯದಲ್ಲಿಯೂ ಆಗುತ್ತದೆ. ವರ್ಷ ತುಂಬುವ ಹೊತ್ತಿಗೆ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು ಎಂಬುದು ಎಲ್ಲ ಕಡೆ ಒಪ್ಪಿದ ಸೂಚಕ. ಆದರೆ ನಮ್ಮ ಕಡೆ ತೀರಿಹೋದ ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ, ಮತ್ತು ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾಳೆ. ಹಾಗಾಗಿ ಕಾಗದದ ಮೇಲೆ ಶರಣಬಸಪ್ಪನಾದ ಕೂಸು ಮನೆಯಲ್ಲಿ ಅಪ್ಪಾ, ಮುತ್ಯಾ, ಬಬ್ಲು ಆಗಿರುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಚೀಟಿ ನೋಡಿ ‘ಶರಣಬಸಪ್ಪ’ ಎಂದು ಕರೆದರೆ, ತಾನು ಎಂದೂ ಕೇಳಿರದ ಆ ಶಬ್ದಕ್ಕೆ ಅದು ಏಕೆ ತಿರುಗಬೇಕು? ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಮೊದಲು ಕೇಳಿ, ಮಗು ಬೇರೇನನ್ನೋ ನೋಡುತ್ತಿರುವಾಗ ಹಿಂದಿನಿಂದ ಅದೇ ಹೆಸರಿನಲ್ಲಿ, ತಾಯಿಯ ದನಿಯಲ್ಲಿ ಎರಡು ಮೂರು ಸಲ ಕರೆಸಿ ನೋಡಿದರೆ ಮಾತ್ರ ಆ ಪರೀಕ್ಷೆಗೆ ಅರ್ಥ ಬರುತ್ತದೆ.

ಕಣ್ಣಿಗೆ ಕಣ್ಣು ಕೊಟ್ಟು ನೋಡುವ ವಿಷಯವನ್ನೂ ಹೀಗೆಯೇ ಬಿಡಿಸಿ ನೋಡಬೇಕಾಗುತ್ತದೆ. ಹಿರಿಯರೆದುರು ತಲೆ ತಗ್ಗಿಸುವುದು ಮರ್ಯಾದೆ ಎಂದು ಕಲಿತ ಎಂಟು ವರ್ಷದ ಹುಡುಗಿ ಡಾಕ್ಟರ ಮುಖ ನೋಡದಿದ್ದರೆ ಅದರಲ್ಲಿ ಲಕ್ಷಣ ಹುಡುಕುವುದು ತಪ್ಪು. ಒಂದೂವರೆ ವರ್ಷದ ಕೂಸಿಗೆ ಈ ಮರ್ಯಾದೆಯ ಪಾಠ ಇನ್ನೂ ಆಗಿರುವುದಿಲ್ಲ, ಆದರೂ ಅದು ಎಷ್ಟು ಸೆಕೆಂಡು ನೋಡಿತು ಎಂದು ಎಣಿಸುವುದರಿಂದ ಹೆಚ್ಚೇನೂ ತಿಳಿಯದು. ನೋಟವು ನಗುವಿನೊಂದಿಗೆ, ದನಿಯೊಂದಿಗೆ, ಕೈಸನ್ನೆಯೊಂದಿಗೆ ಹದವಾಗಿ ಹೆಣೆದುಕೊಂಡಿದೆಯೇ ಎಂಬುದನ್ನು ನೋಡಬೇಕು. ಕೆಲವು ಮಕ್ಕಳು ಚೆನ್ನಾಗಿಯೇ ನೋಡುತ್ತಾರೆ, ತಬ್ಬಿಕೊಳ್ಳುತ್ತಾರೆ, ಮುದ್ದು ಮಾಡಿಸಿಕೊಳ್ಳುತ್ತಾರೆ. ‘ನನ್ನ ತೊಡಿ ಬಿಟ್ಟು ಇಳಿಯಂಗಿಲ್ರಿ, ಇವಗ ಹ್ಯಾಂಗ ಆಟಿಸಂ ಇರ್ತದ’ ಎಂದು ಕೇಳುವ ತಾಯಂದಿರಿದ್ದಾರೆ. ಪ್ರೀತಿ ಇರುವುದಕ್ಕೂ ಆಟಿಸಂ ಇರುವುದಕ್ಕೂ ವಿರೋಧವೇ ಇಲ್ಲ.

ಕಳೆದ ವರ್ಷ ತೊಗರಿ ಕಟಾವಿನ ದಿನಗಳಲ್ಲಿ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಅರ್ಧ ದಿನ ಕೂತಿದ್ದೆ. ಮೂರು ವರ್ಷದ ಹುಡುಗಿಯೊಬ್ಬಳು ಬೋರಲು ಹಾಕಿದ ತಟ್ಟೆಯ ಮೇಲೆ ಹಸಿ ಮಣ್ಣಿನ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವಾಗ ಎಡಗೈಯಿಂದ ತಟ್ಟೆ ತಿರುಗಿಸುವುದೂ ನಡುನಡುವೆ ಇಲ್ಲದ ಹಿಟ್ಟು ಉದುರಿಸುವುದೂ ಥೇಟ್ ಅವಳ ಅವ್ವನ ಹಾಗೆಯೇ ಇದ್ದಿರಬೇಕು. ರೊಟ್ಟಿಯನ್ನು ಟೀಚರಮ್ಮನ ಕೈಗಿಟ್ಟು ‘ಉಣ್ರಿ, ಬಿಸಿ ಅದ’ ಎಂದಳು. ಟೀಚರಮ್ಮ ಊದಿ ಊದಿ ಉಂಡಂತೆ ಮಾಡಿದಾಗ ಬಿದ್ದು ಬಿದ್ದು ನಕ್ಕಳು. ಅದೇ ಕೋಣೆಯ ಗೋಡೆ ಬದಿಗೆ ಎರಡು ವರ್ಷ ಎಂಟು ತಿಂಗಳಿನ ಹುಡುಗ ಬಾಟಲಿಗಳ ಮುಚ್ಚಳಗಳನ್ನು ಬಣ್ಣದ ಪ್ರಕಾರ ಸಾಲು ಹಚ್ಚುತ್ತಿದ್ದ. ಟೀಚರಮ್ಮ ಹೋಗಿ ಕೆಂಪು ಮುಚ್ಚಳವೊಂದನ್ನು ಎತ್ತಿ, ಚಹಾದ ಬಟ್ಟಲಿನಂತೆ ತುಟಿಗೆ ಹಚ್ಚಿ, ‘ಚಾ ಕುಡೀತಿ ಏನು?’ ಎಂದರು. ಹುಡುಗ ಅವರ ಮುಖ ನೋಡಲಿಲ್ಲ. ಅವರ ಮಣಿಕಟ್ಟು ಹಿಡಿದು, ಆ ಕೈಯನ್ನೇ ಸಾಧನದಂತೆ ನಡೆಸಿ, ಮುಚ್ಚಳವನ್ನು ಸಾಲಿನಲ್ಲಿ ಅದರ ಜಾಗಕ್ಕೆ ಇಡಿಸಿದ. ‘ಇವಗ ನಾವು ಬೇಕಂದ್ರ ನಮ್ಮ ಕೈ ಅಷ್ಟ ಬೇಕ್ರಿ’ ಎಂದು ಟೀಚರಮ್ಮ ಮೆಲ್ಲಗೆ ಹೇಳಿದರು.

ಮಧ್ಯಾಹ್ನ ಕರೆದೊಯ್ಯಲು ಬಂದ ತಾಯಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಭಾಳ ಶಾಣ್ಯಾ ಅದಾನ್ರಿ. ಮೊಬೈಲ್‌ನಾಗ ಕೇಳಿ ಎಬಿಸಿಡಿ ಎಲ್ಲಾ ಹೇಳ್ತಾನ. ಖರೇ ಅವ್ವಾ ಅಂತ ಒಮ್ಮೆಬಿ ಕರದಿಲ್ರಿ.’ ಮಾತು ಇದೆ, ಆದರೆ ಅದು ಯಾರ ಕಡೆಗೂ ಮುಖ ಮಾಡಿಲ್ಲ. ಆಟಿಸಂ ಕುರಿತ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಸಂಗತಿಯನ್ನು ಆಕೆ ಎರಡು ಮಾತಿನಲ್ಲಿ ಹೇಳಿದ್ದಳು, ಅದೂ ಯಾರೂ ಕೇಳದೆ.

ಇಷ್ಟನ್ನು ನೋಡಿ ಆ ಹುಡುಗನಿಗೆ ಆಟಿಸಂ ಇದೆ ಎಂದು ನಾನಾಗಲಿ ಟೀಚರಮ್ಮನಾಗಲಿ ಹೇಳಲು ಸಾಧ್ಯವಿಲ್ಲ, ಹೇಳಲೂಬಾರದು. ಕೈ ಹಿಡಿದು ನಡೆಸುವುದು, ಸಾಲು ಹಚ್ಚುವುದು, ನಟಿಸುವ ಆಟ ಇಲ್ಲದಿರುವುದು ಇವೆಲ್ಲ ಕೂಡಿ ಮುಂದಿನ ಪರೀಕ್ಷೆಗೆ ಕಾರಣವಾಗುತ್ತವೆ, ಅಷ್ಟೇ. ಪ್ರಾಥಮಿಕ ತಪಾಸಣೆ ಬೇರೆ, ನಿರ್ಣಯ ಬೇರೆ ಎಂಬ ಈ ಗೆರೆ ಅಳಿಸಿಹೋದಲ್ಲೆಲ್ಲ ಅನರ್ಥಗಳು ಹುಟ್ಟಿವೆ. ಒಂದೆಡೆ, ನಾಲ್ಕು ಪ್ರಶ್ನೆ ಕೇಳಿ ಹಣೆಪಟ್ಟಿ ಹಚ್ಚುವವರು. ಇನ್ನೊಂದೆಡೆ, ಹಣೆಪಟ್ಟಿಯ ಭಯದಿಂದ ಪ್ರಶ್ನೆಯನ್ನೇ ಕೇಳದವರು.

ತಪಾಸಣೆಗೆಂದು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಎಂ-ಚಾಟ್ ಎಂಬ ಪ್ರಶ್ನಾವಳಿ. 16ರಿಂದ 30 ತಿಂಗಳ ಮಕ್ಕಳ ತಂದೆತಾಯಂದಿರು ಹೌದು-ಇಲ್ಲ ಎಂದು ಉತ್ತರಿಸುವ 20 ಪ್ರಶ್ನೆಗಳು ಅದರ ಪರಿಷ್ಕೃತ ರೂಪದಲ್ಲಿವೆ. ಆತಂಕ ಸೂಚಿಸುವ ಉತ್ತರಗಳು ಎರಡು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಂಭವ ಕಡಿಮೆ ಎಂದೂ, ಮೂರರಿಂದ ಏಳಿದ್ದರೆ ಮಧ್ಯಮ ಎಂದೂ, ಎಂಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೇರವಾಗಿ ತಜ್ಞರಿಗೆ ಕಳುಹಿಸಬೇಕೆಂದೂ ಅದರ ನಿಯಮ. ಮಧ್ಯಮ ಎಂದು ಬಂದಾಗ ಆತಂಕ ಸೂಚಿಸಿದ ಪ್ರತಿ ಉತ್ತರವನ್ನೂ ಉದಾಹರಣೆಗಳೊಂದಿಗೆ ಮರಳಿ ವಿಚಾರಿಸುವ ಎರಡನೆಯ ಸುತ್ತಿನ ಮಾತುಕತೆ ಕಡ್ಡಾಯ. ಅಮೆರಿಕದಲ್ಲಿ ಸುಮಾರು 16 ಸಾವಿರ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡೂ ಸುತ್ತು ದಾಟಿಯೂ ಆತಂಕ ಉಳಿದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಕ್ಕಳಿಗೆ ಮಾತ್ರ ಆಟಿಸಂ ಇತ್ತು. ಆದರೆ ನೂರರಲ್ಲಿ ಸುಮಾರು 95 ಮಕ್ಕಳಿಗೆ ಒಂದಲ್ಲ ಒಂದು ಬೆಳವಣಿಗೆಯ ತೊಂದರೆ ಇದ್ದೇ ಇತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು: ತಪಾಸಣೆಯಲ್ಲಿ ಸಿಕ್ಕಿಬಿದ್ದ ಮಗುವಿಗೆ ಆಟಿಸಂ ಇಲ್ಲದಿರಬಹುದು, ಆದರೆ ಅದಕ್ಕೆ ಸಹಾಯದ ಅಗತ್ಯ ಬಹುತೇಕ ಇರುತ್ತದೆ. ಗಡಿಬಿಡಿಯ ಹೊರರೋಗಿ ವಿಭಾಗಗಳಲ್ಲಿ ಕೈಬಿಟ್ಟುಹೋಗುವುದು ಆ ಎರಡನೆಯ ಸುತ್ತೇ. ಅದಿಲ್ಲದ ಎಂ-ಚಾಟ್ ಅರ್ಧ ಬೇಯಿಸಿದ ಅಡುಗೆ.

ನಮ್ಮ ದೇಶದಲ್ಲೇ ತಯಾರಾದ ಮಾಪಕವೂ ಇದೆ. ಸಿಕಂದರಾಬಾದಿನಲ್ಲಿರುವ, ಬೌದ್ಧಿಕ ಅಂಗವೈಕಲ್ಯಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಐಎಸ್‌ಎಎ ಮಾಪಕದಲ್ಲಿ ಆರು ವಿಭಾಗಗಳಡಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಲಾಗುತ್ತದೆ. ಒಟ್ಟು ಅಂಕ 70ಕ್ಕಿಂತ ಕಡಿಮೆ ಇದ್ದರೆ ಆಟಿಸಂ ಇಲ್ಲ, 70ರಿಂದ 106ರವರೆಗೆ ಅಲ್ಪ, 107ರಿಂದ 153ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ. ಮೊದಲ ವಿಭಾಗವೇ ಸಾಮಾಜಿಕ ಸಂಬಂಧ ಮತ್ತು ಪ್ರತಿಸ್ಪಂದನೆಯದು. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಆಧಾರವಾಗುವುದು ಈ ಮಾಪಕ. ಆಟಿಸಂ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿಯೂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿಯೂ ಸೇರಿದೆ, ಹಾಗಾಗಿ ಪ್ರಮಾಣಪತ್ರಕ್ಕೆ ಬೆಲೆ ಇದ್ದೇ ಇದೆ. ಆದರೆ ಪ್ರಮಾಣಪತ್ರಕ್ಕೆಂದು ಅಂಕ ಎಣಿಸುವುದೂ, ಈ ಮಗುವಿಗೆ ನಾಳೆಯಿಂದ ಏನು ಕಲಿಸಬೇಕು ಎಂದು ಅರಿಯುವುದೂ ಬೇರೆ ಬೇರೆ ಕೆಲಸಗಳು. ಮೊದಲನೆಯದು ಮುಗಿದ ಕೂಡಲೇ ಎಲ್ಲವೂ ಮುಗಿಯಿತು ಎಂದು ಕುಟುಂಬಗಳಿಗೆ ಅನ್ನಿಸುವಂತೆ ನಮ್ಮ ವ್ಯವಸ್ಥೆ ನಡೆದುಕೊಳ್ಳುತ್ತದೆ ಎಂಬುದು ನನ್ನ ಆಕ್ಷೇಪ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ನಮ್ಮ ಆಸ್ಪತ್ರೆಗಳ ವರದಿಗಳಲ್ಲಿ ‘ಸಾಮಾಜಿಕ ಲಬ್ಧಾಂಕ’ ಎಂಬ ಸಂಖ್ಯೆ ಆಗಾಗ ಕಾಣುತ್ತದೆ. ಅದು ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪಕದಿಂದ ಬರುವಂಥದು. ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಒಬ್ಬಂಟಿಯಾಗಿ ಎಷ್ಟು ದೂರ ಹೋಗುತ್ತದೆ ಎಂಬಂಥ ಸ್ವಾವಲಂಬನೆಯ ಅಂಶಗಳೇ ಅದರಲ್ಲಿ ಹೆಚ್ಚು. ತಾನೇ ರೊಟ್ಟಿ ಮುರಿದು ಉಂಡು, ಚಪ್ಪಲಿ ಹಾಕಿಕೊಂಡು, ಕಿರಾಣಿ ಅಂಗಡಿಗೆ ಹೋಗಿಬರುವ ಹುಡುಗನ ಲಬ್ಧಾಂಕ ಚೆನ್ನಾಗಿಯೇ ಬರಬಹುದು, ಅದೇ ಹುಡುಗ ಅಂಗಡಿಯವನ ತಮಾಷೆಯನ್ನಾಗಲಿ ಸಿಟ್ಟನ್ನಾಗಲಿ ಗುರುತಿಸಲಾರದೆ ಒದ್ದಾಡುತ್ತಿರಲೂಬಹುದು. ಹೆಸರಿನಲ್ಲಿ ‘ಸಾಮಾಜಿಕ’ ಎಂದಿದ್ದ ಮಾತ್ರಕ್ಕೆ ಆ ಸಂಖ್ಯೆ ಆಟಿಸಂ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳುವುದಿಲ್ಲ.

ಆಟಿಸಂ ಅನ್ನು ತೋರಿಸುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ನಿರ್ಣಯವೆಂಬುದು ಮಗುವಿನ ಬೆಳವಣಿಗೆಯ ಕತೆಯನ್ನು ಕೇಳಿ, ಮಗುವನ್ನು ಆಟದಲ್ಲಿ ನೋಡಿ, ತಿಳಿದವರು ತೂಗಿ ಹೇಳುವ ಮಾತು. ಆದರೆ ಅದಕ್ಕೂ ಮೊದಲು ಆಗಲೇಬೇಕಾದ ಒಂದು ಪರೀಕ್ಷೆ ಇದೆ, ಅದು ಕಿವಿಯದು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಮಗಳನ್ನು ಕೊಡುವ ರೂಢಿ ಗಟ್ಟಿಯಾಗಿರುವ ನಮ್ಮ ಸೀಮೆಯಲ್ಲಿ ಹುಟ್ಟುಕಿವುಡಿನ ಸಾಧ್ಯತೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕರೆದರೆ ತಿರುಗದ ಮಗು ಮೊಬೈಲಿನ ಹಾಡು ಕೇಳಿದೊಡನೆ ಓಡಿಬರುತ್ತದೆ ಎಂದು ತಾಯಿ ಹೇಳಿದರೂ, ಒಂದು ಬಗೆಯ ದನಿ ಕೇಳಿ ಇನ್ನೊಂದು ಬಗೆಯದು ಕೇಳದಿರುವ ಸಾಧ್ಯತೆ ಇರುವುದರಿಂದ, ಓಎಇ ಮತ್ತು ಬೇರಾ ಎಂಬ ಶ್ರವಣ ಪರೀಕ್ಷೆಗಳನ್ನು ಬಿಡಬಾರದು. ಬುದ್ಧಿಬೆಳವಣಿಗೆಯ ಕೊರತೆ, ಬರೀ ಭಾಷೆಗೆ ಸೀಮಿತವಾದ ತೊಂದರೆ, ಅತಿ ಚಟುವಟಿಕೆ, ಮನೆಯಲ್ಲಿ ಮಾತಾಡಿ ಹೊರಗೆ ಮೌನವಾಗುವ ಸ್ಥಿತಿ ಇವೆಲ್ಲವೂ ಆಟಿಸಂ ಹಾಗೆ ಕಾಣಬಹುದು. ಅವು ಆಟಿಸಂ ಜೊತೆಗೆ ಇರಲೂಬಹುದು.

ಮನೆಯಲ್ಲಿ ಮೂರು ಭಾಷೆ ಇರುವುದರಿಂದ ಮಗುವಿಗೆ ಗೊಂದಲವಾಗಿದೆ ಎಂಬ ವಿವರಣೆ ಬೀದರಿನಲ್ಲಿ ಬಹಳ ಸಲ ಕೇಳಿಬರುತ್ತದೆ. ಅಲ್ಲಿ ಮನೆಯೊಳಗೆ ಮರಾಠಿ, ಓಣಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ ಎಂಬುದು ಹೊಸದೇನಲ್ಲ. ತಾಂಡಾಗಳಲ್ಲಿ ಲಂಬಾಣಿ, ಗಡಿ ಊರುಗಳಲ್ಲಿ ತೆಲುಗು. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ, ಬೆರಳು ಮಾಡುವುದು ನಿಲ್ಲುವುದಿಲ್ಲ, ಮುಖ ನೋಡಿ ನಗುವುದು ತಪ್ಪುವುದಿಲ್ಲ. ಭಾಷೆಗಳ ಗೊಂದಲವೆಂದು ತಾಯಿಗೆ ತನ್ನ ಮನೆಮಾತು ಬಿಟ್ಟು ಹರಕು ಇಂಗ್ಲಿಷಿನಲ್ಲಿ ಮಗುವನ್ನು ಮಾತಾಡಿಸಲು ಹೇಳುವ ಸಲಹೆ ನೇರವಾಗಿ ಹಾನಿಕರ, ಏಕೆಂದರೆ ಅದು ಆಕೆಯಿಂದ ಲಾಲಿ, ಹುಸಿಮುನಿಸು, ಮುದ್ದುಮಾತು ಎಲ್ಲವನ್ನೂ ಕಸಿದುಕೊಳ್ಳುತ್ತದೆ. ಪರೀಕ್ಷಕರಿಗೆ ಮನೆಮಾತು ಬಾರದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅವರ ಹೊಣೆ. ಲಂಬಾಣಿ ಮಾತ್ರ ಬಲ್ಲ ಮಗುವಿಗೆ ಕನ್ನಡದಲ್ಲಿ ‘ಚೆಂಡು ಕೊಡು’ ಎಂದು ಹೇಳಿ, ಕೊಡಲಿಲ್ಲ ಎಂದು ಬರೆದುಕೊಳ್ಳುವುದು ಮೌಲ್ಯಮಾಪನವಲ್ಲ.

ಮೊಬೈಲಿನ ಪ್ರಶ್ನೆ ಸ್ವಲ್ಪ ಜಟಿಲವಾದದ್ದು. ಪರದೆಯನ್ನು ಅತಿಯಾಗಿ ನೋಡುವುದರಿಂದ ಬರುತ್ತದೆ ಎನ್ನಲಾಗುವ ‘ವರ್ಚುವಲ್ ಆಟಿಸಂ’ ಎಂಬ ಮಾತು ಈಚೆಗೆ ಬಾಯಿಂದ ಬಾಯಿಗೆ ಹರಡಿದೆ, ಆದರೆ ಅಂಥ ಹೆಸರಿನ ನಿರ್ಣಯ ಯಾವ ಅಧಿಕೃತ ವೈದ್ಯಕೀಯ ಕೈಪಿಡಿಯಲ್ಲೂ ಇಲ್ಲ. ದಿನದ ಐದಾರು ಗಂಟೆ ಪರದೆಯ ಮುಂದೆ ಇರುವ ಕೂಸಿಗೆ ಮನುಷ್ಯರೊಂದಿಗಿನ ಕೊಡು-ಕೊಳ್ಳುವಿಕೆ ಅಷ್ಟು ಗಂಟೆ ತಪ್ಪುತ್ತದೆ ಎಂಬುದು ನಿಜ, ಅದನ್ನು ಬಿಡಿಸಲೇಬೇಕು. ಆದರೆ ‘ಮೊದಲು ಆರು ತಿಂಗಳು ಮೊಬೈಲ್ ಬಿಡಿಸಿ, ಆಮೇಲೆ ನೋಡೋಣ’ ಎಂದು ಮೌಲ್ಯಮಾಪನವನ್ನೇ ಮುಂದೂಡುವುದು ಸರಿಯಲ್ಲ. ಮಗು ಬೇರೆ ಕಾರಣಕ್ಕೆ ಜನರಿಂದ ದೂರವಾಗಿ ಪರದೆಯತ್ತ ವಾಲಿರಲೂಬಹುದು. ಅವ್ವ-ಅಪ್ಪ ಕಟ್ಟಡ ಕೆಲಸಕ್ಕೆಂದು ಮುಂಬೈ, ಪುಣೆ, ಹೈದರಾಬಾದಿಗೆ ಹೋಗಿ, ಆಯಿ-ಮುತ್ಯಾರ ಬಳಿ ಬೆಳೆಯುವ ಮಕ್ಕಳ ಮನೆಗಳಲ್ಲಿ ಈ ಎಳೆಗಳನ್ನು ಬಿಡಿಸುವುದು ಇನ್ನಷ್ಟು ಕಷ್ಟ. ಹುಟ್ಟಿನಿಂದ ಜೊತೆಗಿದ್ದವರ ನೆನಪೇ ಬೆಳವಣಿಗೆಯ ಕತೆಗೆ ಆಧಾರವಾದ್ದರಿಂದ, ಫೋನಿನಲ್ಲಾದರೂ ತಾಯಿಯನ್ನು ಮಾತಾಡಿಸದೆ ಕಡತ ಮುಚ್ಚಬಾರದು.

ಹುಡುಗಿಯರ ವಿಷಯದಲ್ಲಿ ನಮ್ಮ ಕಣ್ಣು ಹೆಚ್ಚು ಮೋಸ ಹೋಗುತ್ತದೆ. ಗಂಡುಮಕ್ಕಳಲ್ಲಿ ಆಟಿಸಂ ಮೂರು ನಾಲ್ಕು ಪಟ್ಟು ಹೆಚ್ಚಾಗಿ ಗುರುತಾಗುತ್ತದೆ, ಆದರೆ ಅದರಲ್ಲಿ ಒಂದು ಪಾಲು ಹೆಣ್ಣುಮಕ್ಕಳನ್ನು ನಾವು ಗುರುತಿಸದೆ ಬಿಟ್ಟದ್ದರಿಂದ ಆಗಿರುವಂಥದು. ಮೂಲೆಯಲ್ಲಿ ಸುಮ್ಮನೆ ಕೂತು, ಅದೇ ಗೊಂಬೆಯ ಅದೇ ಕೂದಲನ್ನು ಮತ್ತೆ ಮತ್ತೆ ಬಾಚುವ ಹುಡುಗಿಯನ್ನು ನಾವು ‘ಭಾಳ ಸಮಾಧಾನದ ಕೂಸು’ ಎಂದು ಹೊಗಳುತ್ತೇವೆ. ಗದ್ದಲ ಮಾಡದಿರುವುದು ಹೆಣ್ಣಿಗೆ ಗುಣವೆಂದು ನಂಬಿದ ಊರಿನಲ್ಲಿ ಆ ಮೌನದ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ.

ಹೀಗೆ ಮಗುವಿನ ಕೊರತೆಯನ್ನೇ ಎಣಿಸುತ್ತ ಹೋಗುವಾಗ ಒಂದು ಎಚ್ಚರ ಬೇಕು. ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಎಂಬ ಪದವನ್ನು ಬಳಸುತ್ತಾರೆ. ತನ್ನಲ್ಲೇ ಲೀನವಾಗಿರುವವರು ಎಂಬ ಆ ಅರ್ಥ ನನಗೆ ಒಪ್ಪಿಗೆಯಾಗುವುದಿಲ್ಲ. ಸ್ವತಃ ಆಟಿಸಂ ಹೊಂದಿರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದಂತೆ, ಅರ್ಥವಾಗದಿರುವುದು ಎರಡೂ ಬದಿಯಿಂದ. ಆಟಿಸಂ ಇರುವವರಿಗೆ ನಾವು ಅರ್ಥವಾಗದಷ್ಟೇ ಅವರು ನಮಗೆ ಅರ್ಥವಾಗುವುದಿಲ್ಲ. ಆ ಅಂಗನವಾಡಿಯ ಹುಡುಗ ಟೀಚರಮ್ಮನ ಕೈ ಹಿಡಿದದ್ದೂ ಒಂದು ಬಗೆಯ ಮಾತೇ. ಒಳ್ಳೆಯ ಮೌಲ್ಯಮಾಪನವು ಮಗು ಏನು ಮಾಡುವುದಿಲ್ಲ ಎಂಬುದರ ಜೊತೆಗೆ, ಅದು ತನ್ನ ಬಗೆಯಲ್ಲಿ ಹೇಗೆ ಕೇಳುತ್ತದೆ, ಯಾವುದಕ್ಕೆ ಹಿಗ್ಗುತ್ತದೆ, ಯಾರ ಬಳಿ ನೆಮ್ಮದಿಯಾಗಿರುತ್ತದೆ ಎಂಬುದನ್ನೂ ಬರೆದಿಡುತ್ತದೆ. ಕಲಿಕೆ ಶುರುವಾಗಬೇಕಾದದ್ದು ಅಲ್ಲಿಂದ.

ಈ ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಗೆ ಬಂದರೆ ನಮ್ಮ ಸೀಮೆಯ ದೂರಗಳು ಎದುರಾಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಕಲಬುರಗಿಯಿಂದ ಒಂದು ರಾತ್ರಿಯ ಪ್ರಯಾಣ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇನ್ನೂ ಆಚೆ. ಬೀದರಿನವರಿಗಂತೂ ಸಿಕಂದರಾಬಾದೇ ಹತ್ತಿರ. ಕೂಲಿ ಬಿಟ್ಟು, ರೈಲು ಹತ್ತಿ, ಅಪರಿಚಿತ ಕೋಣೆಯಲ್ಲಿ ಹಸಿದ, ನಿದ್ದೆಗೆಟ್ಟ ಮಗುವನ್ನು ಅರ್ಧ ಗಂಟೆ ತೋರಿಸಿ ಬರುವ ತಂದೆಗೆ, ಅಲ್ಲಿ ಕಂಡದ್ದು ತನ್ನ ಮಗನ ನಿಜವಾದ ನಡವಳಿಕೆಯಲ್ಲ ಎಂದು ಅನ್ನಿಸಿದರೆ ಆ ಅನ್ನಿಸಿಕೆ ಬಹಳ ಮಟ್ಟಿಗೆ ಸರಿ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಭೇಟಿ ಕೊಟ್ಟು, ಬೆಳವಣಿಗೆಯ ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸಬೇಕೆಂಬುದು ವ್ಯವಸ್ಥೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಲ್ಲಿ ದಿವ್ಯಾಂಗ ಮಕ್ಕಳನ್ನು ಗುರುತಿಸಿ ಒಳಗೊಳ್ಳುವುದಕ್ಕೆಂದೇ ಒಂದು ಕಾರ್ಯವಿಧಾನವನ್ನು ಹೊರಡಿಸಿದೆ. ಕಾಗದದ ಮೇಲೆ ಕೊರತೆ ಇಲ್ಲ. ಆದರೆ ತಂಡವು ಒಂದೇ ಬೆಳಗ್ಗೆ ನಲವತ್ತು ಮಕ್ಕಳ ತೂಕ, ಹಲ್ಲು, ಕಣ್ಣು ನೋಡಿ ಮುಂದಿನ ಊರಿಗೆ ಹೊರಡುವಾಗ, ಕೂಡಿ ನೋಡುವುದನ್ನು ನೋಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಅದಕ್ಕೆ ಪುರಸೊತ್ತಿರುವುದು, ದಿನವೂ ಅದೇ ಮಗುವನ್ನು ಇತರ ಮಕ್ಕಳ ನಡುವೆ ನೋಡುವ ಟೀಚರಮ್ಮನಿಗೆ. ಆಕೆಯ ನೋಟಕ್ಕೆ ವೈದ್ಯಕೀಯ ಕಡತದಲ್ಲಿ ಒಂದು ಪುಟ ಮೀಸಲಾಗಬೇಕು.

ತಜ್ಞರಲ್ಲದವರಿಂದ ಇಂಥ ಕೆಲಸ ಆಗುತ್ತದೆಯೇ ಎಂದು ಕೇಳುವವರಿಗೆ ಒಂದು ಆಧಾರವಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪಾಸ್ ಎಂಬ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಆಟಿಸಂ ಇರುವ ಮಕ್ಕಳ ತಂದೆತಾಯಂದಿರ ಜೊತೆ ಕೆಲಸ ಮಾಡಿದರು. ಮಗುವಿನ ಆಟಕ್ಕೆ ತಂದೆತಾಯಿ ಸ್ಪಂದಿಸುವ ಬಗೆ ಸುಧಾರಿಸಿತು, ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ನಿರ್ಣಯದ ಕಾಗದಕ್ಕೆ ಕಾಯದೆ, ಅನುಮಾನ ಮೂಡಿದ ದಿನದಿಂದಲೇ ಇಂಥ ಆಟ ಆರಂಭಿಸಬಹುದು. ಆಟಿಸಂ ಇಲ್ಲವೆಂದು ನಂತರ ತಿಳಿದರೂ ಮಗುವಿಗೆ ಅದರಿಂದ ನಷ್ಟವೇನೂ ಇಲ್ಲ.

ತಾಯಿಯನ್ನು ದೂರುವುದನ್ನು ಮಾತ್ರ ಎಲ್ಲಕ್ಕಿಂತ ಮೊದಲು ನಿಲ್ಲಿಸಬೇಕು. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಕೂಸಿನ ಕಡೆ ಗಮನ ಕೊಡಲಿಲ್ಲ, ಫೋನು ಹಿಡಿದು ಕೂತಿದ್ದಳು ಎಂಬ ಮಾತುಗಳು ಇಲ್ಲಿನ ಮನೆಗಳಲ್ಲಿ ಇನ್ನೂ ಕೇಳುತ್ತವೆ. ತಾಯಿಯ ಪ್ರೀತಿಯ ಕೊರತೆಯೇ ಆಟಿಸಂಗೆ ಕಾರಣವೆಂದು ಪಶ್ಚಿಮದ ವೈದ್ಯರೂ ಒಂದು ಕಾಲಕ್ಕೆ ಹೇಳಿದ್ದರು. ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಆ ವಾದವನ್ನು ಬಲವಾಗಿ ಅಲ್ಲಗಳೆದರು, ಇಂದು ಅದಕ್ಕೆ ವಿಜ್ಞಾನದಲ್ಲಿ ಜಾಗವಿಲ್ಲ.

ಲಸಿಕೆಯನ್ನು ದೂರುವುದಕ್ಕೂ ಆಧಾರವಿಲ್ಲ. ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿ 1998ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು, ಮತ್ತು ಡೆನ್ಮಾರ್ಕಿನಲ್ಲಿ ಸುಮಾರು 6.5 ಲಕ್ಷ ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಅನುಮಾನ ಹುಟ್ಟುವುದಕ್ಕೆ ಕಾರಣ ಕಾಲದ ಹೊಂದಾಣಿಕೆ. ದಡಾರ-ರುಬೆಲ್ಲಾದ ಎರಡನೆಯ ಡೋಸೂ ಡಿಪಿಟಿ ಬೂಸ್ಟರೂ ನಮ್ಮಲ್ಲಿ 16ರಿಂದ 24 ತಿಂಗಳ ನಡುವೆ ಬೀಳುತ್ತವೆ. ಆಟಿಸಂ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವುದೂ, ಕೆಲವು ಮಕ್ಕಳಲ್ಲಿ ಬಂದ ಮಾತು ಹಿಂದಕ್ಕೆ ಹೋಗುವುದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ.

ಈ ಹೊಂದಾಣಿಕೆಯನ್ನೇ ನಾವು ಉಪಯೋಗಕ್ಕೆ ತಂದುಕೊಳ್ಳಬಹುದೆಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಎಂ-ಚಾಟ್ ಕೇಳಬೇಕಾದ ವಯಸ್ಸಿನಲ್ಲಿಯೇ ಊರಿನ ಪ್ರತಿ ಕೂಸೂ ಸೂಜಿಗಾಗಿ ನರ್ಸಮ್ಮನ ಎದುರು ಬರುತ್ತದೆ, ಮತ್ತು ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂರಬೇಕಾಗುತ್ತದೆ. ಅಳು ನಿಂತ ಮೇಲೆ ಆ ಅರ್ಧ ಗಂಟೆಯಲ್ಲಿ ಆಶಾ ಕಾರ್ಯಕರ್ತೆ ತಾಯಿಯ ಪಕ್ಕ ಕೂತು, ಅವರದೇ ಮಾತಿನಲ್ಲಿ ಕೆಲವನ್ನು ಕೇಳಬಹುದು. ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ಏನೂ ಬೇಡದೆ, ಬರೀ ನಿಮಗೆ ತೋರಿಸಲೆಂದು ಬೆರಳು ಮಾಡುತ್ತದೆಯೇ? ನೀವು ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ ನಿಮ್ಮನ್ನು ನೋಡಿ ಹಾಗೆಯೇ ಮಾಡುತ್ತದೆಯೇ? ಬರುತ್ತಿದ್ದ ಮಾತು, ನಗು ಈಚೆಗೆ ನಿಂತಿದೆಯೇ? ಉತ್ತರಗಳನ್ನು ‘ತಾಯಿ ಕಾರ್ಡ್’ನಲ್ಲಿ ಬರೆದು, ಅನುಮಾನವಿದ್ದರೆ ಮಗು ಮನೆಯಲ್ಲಿ ಆಡುವ ಎರಡು ನಿಮಿಷದ ವಿಡಿಯೊ ಮಾಡಿಕೊಂಡು, ಕಿವಿ ಪರೀಕ್ಷೆಗೂ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೂ ಹೋಗಲು ತಿಳಿಸಬೇಕು. ಅನುಮಾನವಿಲ್ಲದಿದ್ದರೂ ಎರಡು ವರ್ಷ ತುಂಬಿದ ಮೇಲೆ ಇನ್ನೊಮ್ಮೆ ಕೇಳಬೇಕು, ಏಕೆಂದರೆ ಒಂದೂವರೆ ವರ್ಷದಲ್ಲಿ ಎಲ್ಲವೂ ಸರಿಯಿದ್ದ ಕೆಲವು ಮಕ್ಕಳಲ್ಲಿ ಬದಲಾವಣೆ ಕಾಣಿಸುವುದು ಆ ನಂತರವೇ.